ಹೊಸ ಕಾರಿನ ಮೇಲಿನ ಭಂಡಾರ

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಪಟ್ಟಣ ಪಂಚಾಯಿತಿ ಮುಖ್ಯಾಧಿಕಾರಿ ವಿಜಯಮಹಾಂತೇಶ ದೂರು ಹಿಡಿದು ಠಾಣೆಗೆ ಬಂದರು. ಕಚೇರಿಯ ಮುದಿ ಜೀಪಿನ ಬದಲಿಗೆ ಮೊನ್ನೆಯಷ್ಟೇ ಪ್ಲಗ್-ಇನ್ ಹೈಬ್ರಿಡ್ ಕಾರು ಬಂದಿತ್ತು. ಕರೆಂಟಿಗೂ ಓಡುತ್ತದೆ, ಪೆಟ್ರೋಲಿಗೂ ಓಡುತ್ತದೆ. ರಾತ್ರಿ ಯಾರೋ ಅದರ ಚಾರ್ಜಿಂಗ್ ಕೇಬಲ್ ಕತ್ತರಿಸಿ, ಸಾಕೆಟ್ ಜಜ್ಜಿಹಾಕಿದ್ದರು. ಎಫ್‌ಐಆರ್ ದಾಖಲಾಯಿತು.

"ಯಾರ ಮ್ಯಾಲರೆ ಅನುಮಾನ ಐತೇನ್ರಿ?" ಪಿಎಸ್‌ಐ ಶೀಲಾ ಕೇಳಿದರು.

"ಹಳೇ ಜೀಪಿನ ಡ್ರೈವರ್ ಮಲಕಪ್ಪನ ಮ್ಯಾಲರಿ."

ಹೆಡ್ ಕಾನ್‌ಸ್ಟೆಬಲ್ ಅಂದಪ್ಪನಿಗೆ ಮೈಯೆಲ್ಲ ಉರಿಯಿತು. ಮಲಕಪ್ಪ ಅವನ ಇಪ್ಪತ್ತು ವರ್ಷದ ಗೆಳೆಯ. ಅಂದಪ್ಪನ ಅವ್ವನಿಗೆ ಎದೆನೋವು ಬಂದಾಗ ಅದೇ ಜೀಪಿನಲ್ಲಿ ಬಾಗಲಕೋಟೆಗೆ ಮುಟ್ಟಿಸಿ ಜೀವ ಉಳಿಸಿದವನು.

"ಮೇಡಂ, ಅಂವ ಅಂಥಾವಲ್ರಿ. ಅವನ ಜವಾಬ್ದಾರಿ ನಂದು."

ಆದರೂ ಮಲಕಪ್ಪನ ಮನೆಗೆ ಹೋಗಿ ಕೇಳಿದ. "ಖರೆ ಹೇಳಲೇ, ನೀ ಮಾಡೀಯೇನು?"

"ಇಲ್ಲೋ ಅಂದಪ್ಪ. ನಿನ್ನಿ ರಾತ್ರಿ ಕೆರೂರಾಗ ಮಗಳ ಮನ್ಯಾಗಿದ್ದೆ."

ಅಂದಪ್ಪ ನಂಬಿದ. ಗೆಳೆಯನ ಮಾತನ್ನೂ ತಪಾಸಣೆ ಮಾಡಬೇಕೇ?

ಮಧ್ಯಾಹ್ನ ಕಾರಿನ ಬಳಿ ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. ಬಾನೆಟ್ ಮೇಲೆ ಚಿಟಿಕೆಯಷ್ಟು ಅರಿಶಿನ ಕಂಡಿತು, ಬೀರಪ್ಪ ದೇವರ ಭಂಡಾರ.

"ನಿನ್ನಿ ಸಂಜಿಮುಂದ ನಾನ ಒರಿಸೇನ್ರಿ. ಆಗ ಇರಲಿಲ್ಲ," ಎಂದಳು ಕಚೇರಿಯ ಕಸ ಹೊಡೆಯುವ ನರ್ಗೀಸ.

ಅಂದಪ್ಪನಿಗೆ ಗೊತ್ತಾಗಿಹೋಯಿತು. ಭಂಡಾರ ಹಚ್ಚಿ ಕೈಮುಗಿಯದೆ ಮಲಕಪ್ಪ ಯಾವ ಗಾಡಿಗೂ ಸ್ಪ್ಯಾನರ್ ತಾಗಿಸಿದವನಲ್ಲ. ಎಂಥ ಹುಚ್ಚ! ಒಡೆಯುವ ಮುಂಚೆಯೂ ಗಾಡಿಯ ಕ್ಷಮೆ ಕೇಳಿದ್ದ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅಂದಪ್ಪ ಮೇಡಂಗೆ ಹೇಳಿಬಿಟ್ಟ.

ಕೆರೂರಿಗೆ ಫೋನು ಹೋಯಿತು. ಅಪ್ಪ ಬಂದೇ ಇಲ್ಲವೆಂದಳು ಮಗಳು. ಸಂಜೆ ಮಲಕಪ್ಪನ ಹಿತ್ತಲಲ್ಲಿ ಕಟಿಂಗ್ ಪ್ಲೇಯರ್ ಸಿಕ್ಕಿತು, ಅವನು ಒಪ್ಪಿಕೊಂಡ.

"ಯಾಕ ಮಾಡಿದ್ಯೋ?" ಶೀಲಾ ಕೇಳಿದರು.

"ಹೊಸಾ ಗಾಡಿ ಚಾವಿ ನಿನಗ ಅಂತ ಸಾಹೇಬ್ರು ವರ್ಷಗಟ್ಲೆ ಹೇಳಿದ್ರು. ಕಲಿಯಾಕ ಇಳಕಲ್ಲಿಗೂ ಕಳಿಸಿದ್ರು. ಪೂಜಾ ದಿನ ನನ್ನ ಕೈಲೆ ಕಾಯಿ ಒಡಿಸಿ, ಚಾವಿ ಅವ್ರ ಹೇಂತಿ ತಮ್ಮಗ ಕೊಟ್ರು. ನನ್ನ ಹೇಂತಿ ಮಾಯವ್ವ ಹೊಸಾ ಸೀರಿ ಉಟ್ಕೊಂಡು ನೋಡಾಕ ಬಂದಿದ್ಲ್ರಿ."

ಅಂದಪ್ಪ ಬಂಧನದ ಕಾಗದ ಬರೆಯುತ್ತಿದ್ದ. ಮುಖ್ಯಾಧಿಕಾರಿಯ ಮೋಸಕ್ಕೆ ಎಫ್‌ಐಆರ್ ಇರಲಿಲ್ಲ.

"ಗಾಡಿ ಒಡದದ್ದಕ್ಕ ಕಲಂ ಹಚ್ಚಿದಿ," ಮಲಕಪ್ಪ ಮೆಲ್ಲಗೆ ಅಂದ. "ನಿನಗ ಸುಳ್ಳ ಹೇಳಿದ್ನಲ್ಲ, ಅದಕ್ಕ ಯಾವ ಕಲಂ ಐತೋ ಅಂದಪ್ಪ?"

ಅಂದಪ್ಪ ಸಹಿ ಮಾಡುವ ಜಾಗ ತೋರಿಸಿದ.