ಎಡಗೈಯ ಮಣ್ಣು

ಹೆಣ ಬೋರಲಾಗಿ ಬಿದ್ದಿತ್ತು. ಕರಿಮರಳಿನ ಮೇಲೆ, ಅಲೆಯಿಂದ ಹತ್ತು ಹೆಜ್ಜೆ ದೂರದಲ್ಲಿ. ತಲೆ ಊರಿನ ಕಡೆ, ಕಾಲು ಕಡಲಿನ ಕಡೆ. ಸುತ್ತ ಇಪ್ಪತ್ತು ಮೂವತ್ತು ಕಲ್ಲು.

ಕರಾವಳಿ ಕಾವಲಿನ ಮುಖ್ಯಸ್ಥ ಪೆರಿಲಾಸ್ ಮಂಡಿಯೂರಿದ. ಗಾಯ ನೋಡಲಿಲ್ಲ, ಕಲ್ಲು ನೋಡಲಿಲ್ಲ. ಹೆಣವನ್ನು ಮಗ್ಗುಲಾಗಿಸಿ ಬಲಗೆನ್ನೆಯ ಕೆಳಗೆ ಮಚ್ಚೆ ಇದೆಯೇ ಎಂದು ನೋಡಿದ. ಇರಲಿಲ್ಲ. ಕಟ್ಟಿಕೊಂಡಿದ್ದ ಉಸಿರು ಬಿಟ್ಟ. ಬಿಟ್ಟದ್ದಕ್ಕೆ ತನಗೇ ನಾಚಿಕೆಯಾಯಿತು. ಇವನೂ ಯಾರದೋ ಮಗನೇ.

ಹನ್ನೊಂದು ವರ್ಷದ ಹಿಂದಿನ ಮಾತು. ಮೆಲಾಂತ ದ್ವೀಪದಲ್ಲಿ ಉಣ್ಣುವ ಬಾಯಿ ಹೆಚ್ಚಾಗಿ ಬಾರ್ಲಿ ಕಡಿಮೆಯಾಯಿತು. ಇಬ್ಬರು ಗಂಡುಮಕ್ಕಳಿದ್ದ ಪ್ರತಿ ಮನೆಯಿಂದ ಒಬ್ಬ ಹೋಗಬೇಕು ಎಂದು ಸಭೆ ತೀರ್ಮಾನಿಸಿತು. ಶಿರಸ್ತ್ರಾಣದೊಳಗೆ ಬಿಳಿ ಅವರೆ, ಕರಿ ಅವರೆ ಹಾಕಿ ಎತ್ತಿಸಿದರು. ಕರಿ ಸಿಕ್ಕಿದವರು ಹಡಗು ಹತ್ತಿ ದಕ್ಷಿಣಕ್ಕೆ, ಲಿಬಿಯಾ ದಡಕ್ಕೆ ಹೋಗಿ ಹೊಸ ಊರು ಕಟ್ಟಿದರು. ಹೊರಡುವಾಗ ಒಂದು ಆಣೆಯಾಯಿತು. ತಿರುಗಿ ಬರುವಂತಿಲ್ಲ. ಬಂದರೆ ತೀರದಲ್ಲೇ ಕಲ್ಲು ಹೊಡೆದು ಕೊಲ್ಲಬಹುದು. ಕೊಂದವನಿಗೆ ಪಾಪವಿಲ್ಲ, ಸತ್ತವನಿಗೆ ಮಣ್ಣಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಹೆಣ ಕಡಲಿಗೆ.

ಪೆರಿಲಾಸನ ಹಿರಿಯ ಮಗ ಥಿಯೋನ್ ಎತ್ತಿದ್ದೂ ಕರಿ ಅವರೆಯೇ. ಆಗ ಅವನಿಗೆ ಇಪ್ಪತ್ತು. ಅಂದಿನಿಂದ ಒಂದು ಸುದ್ದಿಯಿಲ್ಲ.

ಬಿದ್ದಿದ್ದವನ ಗುರುತು ಹತ್ತಿತು. ಎವಾಲ್ಕ. ಮೇಲಿನ ದ್ರಾಕ್ಷಿತೋಟದ ಲಾಂಪೋನನ ಅಣ್ಣ.

*

ಊರ ಹಿರಿಯ ಫಾನಿಯ ಕೋಲೂರಿಕೊಂಡು ಬಂದ. ಹೆಣವನ್ನು ಒಂದು ಸಲ ನೋಡಿದ. ಇದರಲ್ಲಿ ತನಿಖೆ ಮಾಡುವುದೇನಿದೆ, ಕಾನೂನು ತನ್ನ ಕೆಲಸ ಮಾಡಿದೆ, ಸಂಜೆಗೆ ನೀರಿಗೆ ಹಾಕಿಸು ಎಂದ.

"ಕಲ್ಲು ಹೊಡೆದವರು ಯಾರು?" ಪೆರಿಲಾಸ್ ಕೇಳಿದ.

"ಯಾರಾದ್ರೇನು?"

"ಹಿಂದೆ ಮೂರು ಸಲ ಹೀಗಾದಾಗ ಹೊಡೆದವ್ರು ಎದೆ ತಟ್ಕೊಂಡು ನಿಮ್ಮನೆ ಬಾಗಿಲಿಗೆ ಬಂದಿದ್ರು. ಊರಿನ ಲೆಕ್ಕದಲ್ಲಿ ಕೊಡೋ ದ್ರಾಕ್ಷಾರಸದ ಕೊಡ ಹೊತ್ಕೊಂಡು ಹೋಗಿದ್ರು. ಇವತ್ತು ಬಿಸಿಲೇರಿದ್ರೂ ಒಬ್ಬ ಬಂದಿಲ್ಲ. ಪುಕ್ಕಟೆ ಕುಡಿಯೋದನ್ನ ಬಿಡೋ ಗಂಡಸು ನಮ್ಮೂರಲ್ಲಿ ಯಾವಾಗ ಹುಟ್ಟಿದ, ಯಜಮಾನ್ರೆ?"

ಫಾನಿಯ ನಗಲಿಲ್ಲ. ಗಡ್ಡ ತುರಿಸಿಕೊಂಡ. ಸರಿ, ಮಧ್ಯಾಹ್ನ ಸಭೆ ಸೇರಿಸುತ್ತೇನೆ, ಹೇಳುವುದಿದ್ದರೆ ಅಲ್ಲಿ ಹೇಳು, ಸೂರ್ಯ ಮುಳುಗಿದ ಮೇಲೆ ನನ್ನನ್ನು ಕೇಳಬೇಡ ಎಂದು ಹೊರಟ.

ಕಾವಲಿನವರನ್ನು ದೂರ ಕಳಿಸಿ ಪೆರಿಲಾಸ್ ಹೆಣವನ್ನು ಅಂಗುಲ ಅಂಗುಲ ನೋಡಿದ. ಗಾಯ ಒಂದೇ, ತಲೆಯ ಹಿಂಭಾಗದಲ್ಲಿ. ಬೆನ್ನ ಮೇಲೆ, ಭುಜದ ಮೇಲೆ ಒಂದು ತರಚೂ ಇಲ್ಲ. ಸುತ್ತ ಬಿದ್ದ ಕಲ್ಲುಗಳ ಮೇಲೆ ರಕ್ತವಿಲ್ಲ. ಮೂವತ್ತು ಕಲ್ಲು ಹೊಡೆದು ಇಪ್ಪತ್ತೊಂಬತ್ತು ಗುರಿ ತಪ್ಪುವಷ್ಟು ಕುರುಡರು ಮೆಲಾಂತದಲ್ಲಿ ಇರಲಿಲ್ಲ.

ಬಲಗೈಯಲ್ಲಿ ಒಂದು ಒಣಗಿದ ದಂಟು. ಕಾಡುಸೋಂಪಿನದು, ಎರಡು ಮೊಳಕ್ಕಿಂತ ಉದ್ದ. ನಡುವೆ ಬಿರುಕು ಬಿಟ್ಟಿತ್ತು. ಮುದುಕರು ಊರುಗೋಲಾಗಿ ಹಿಡಿಯುವುದುಂಟು. ಎವಾಲ್ಕನಿಗೆ ಮೂವತ್ತೈದು ದಾಟಿರಲಿಲ್ಲ.

ಎಡಗೈ ಮುಷ್ಟಿ ಬಿಗಿದಿತ್ತು. ಒಂದೊಂದೇ ಬೆರಳು ಬಿಡಿಸಿದ. ಒಳಗೆ ಮಣ್ಣು. ಹಿಟ್ಟಿನಂಥ ಬಿಳಿ ಮಣ್ಣು, ಅದರಲ್ಲಿ ಕೂದಲೆಳೆಯಂಥ ಬೇರು. ತೀರದ ಮರಳೆಲ್ಲ ಕಪ್ಪು.

ಮುಷ್ಟಿಯನ್ನು ಮೊದಲಿದ್ದಂತೆ ಮುಚ್ಚಿದ. ತನ್ನ ಮೇಲುಹೊದಿಕೆ ತೆಗೆದು ಹೆಣದ ಮೇಲೆ ಕುತ್ತಿಗೆಯವರೆಗೆ ಹೊದಿಸಿದ. ಯಾರೂ ಮುಟ್ಟಕೂಡದು ಎಂದು ಕಾವಲಿಟ್ಟ. ಕೈಯಲ್ಲಿ ಕಂಡದ್ದನ್ನು ಯಾರಿಗೂ ಹೇಳಲಿಲ್ಲ. ದಂಟನ್ನು ಮಾತ್ರ ಜೊತೆಗೆ ತೆಗೆದುಕೊಂಡ.

*

ಪಕ್ಕದ ಕೊಲ್ಲಿಯಲ್ಲಿ ಒಂದು ಫಿನೀಷಿಯನ್ ದೋಣಿ ಸಿಕ್ಕಿತು. ಕಾವಲಿನವರು ಅದರ ಒಡೆಯ ಮತ್ತಾನನನ್ನು ಆಗಲೇ ಹಿಡಿದು ಕೂರಿಸಿದ್ದರು. ಅವನ ತೋಳಿನ ಮೇಲೆ ರಕ್ತ ಇತ್ತು. ಪರದೇಶಿ, ರಕ್ತ ಬೇರೆ, ಇನ್ನೇನು ಬೇಕು ಎಂಬುದು ಅವರ ವಾದ.

"ಇದು ಟ್ಯೂನಾ ಮೀನಿನ ರಕ್ತ ಕಣಯ್ಯಾ," ಮತ್ತಾನ್ ತೋಳು ಚಾಚಿದ. "ಮೂಸಿ ನೋಡು. ಮನುಷ್ಯನ್ನ ಕೊಂದವನು ಇಲ್ಲಿ ಕೂತ್ಕೊಂಡು ಮೀನು ಸುಡ್ತಿರ್ತಾನಾ? ನಿನ್ನ ಕಾವಲಿನವ್ರು ಅರ್ಧ ತಿಂದಾದ್ಮೇಲೆ ನನ್ನ ಕೈ ಕಟ್ಟಿದ್ರು."

ಕಾವಲಿನವರು ಬೇರೆ ಕಡೆ ನೋಡಿದರು. ಪೆರಿಲಾಸ್ ಕಟ್ಟು ಬಿಚ್ಚಿದ.

ಎವಾಲ್ಕನನ್ನು ಲಿಬಿಯಾ ದಡದಿಂದ ಕರೆತಂದವನು ಮತ್ತಾನನೇ. ನಾಲ್ಕು ದಿನದ ದಾರಿ. ಬೆಳಕು ಹರಿಯುವ ಮುಂಚೆ ಇದೇ ಕೊಲ್ಲಿಯಲ್ಲಿ ಇಳಿಸಿದ್ದ. ಬಿಸಿಲು ಏರುವುದರೊಳಗೆ ಬರುತ್ತೇನೆ, ಕಾದಿರು ಎಂದು ಹೇಳಿ ಎವಾಲ್ಕ ಗುಡ್ಡ ಹತ್ತಿದ್ದ. ಅಂದರೆ ಅವನು ಕರಿಮರಳಿನ ತೀರಕ್ಕೆ ಕಾಲೇ ಇಟ್ಟಿರಲಿಲ್ಲ.

ಏಕೆ ಬಂದ ಎಂದು ಹೇಳಿದನೇ?

"ಬಾಯಿ ಬಿಡ್ಲಿಲ್ಲ. ಆದ್ರೆ ಒಂದು ಹೇಳ್ತೀನಿ. ಆ ಊರಿಗೆ ಹತ್ತು ಸಲ ಹೋಗಿದೀನಿ. ಈ ಸಲ ಒಂದು ಮನೆ ಮೇಲೂ ಹೊಗೆ ಕಾಣ್ಲಿಲ್ಲ. ಹೆಂಗಸ್ರು ಬಾರ್ಲಿ ನೆನೆಹಾಕಿ ಹಸೀದೇ ಮಕ್ಕಳಿಗೆ ಕೊಡ್ತಿದ್ರು. ಕುದುರೆ ಮೇಲೆ ಬಂದವ್ರು ಊರೊಳಗೆ ನುಗ್ಗಿದ್ರಂತೆ. ಒಲೆಮನೆಯಲ್ಲೇ ಕಡಿದಾಡಿದ್ರಂತೆ."

ಪೆರಿಲಾಸನಿಗೆ ಅಷ್ಟೇ ಸಾಕಾಯಿತು. ಊರಿಗೆಲ್ಲ ಒಂದೇ ಆದ ದೇವರ ಬೆಂಕಿ ಉರಿಯುವುದು ಒಲೆಮನೆಯಲ್ಲಿ. ಆ ಒಲೆಯ ಮೇಲೆ ರಕ್ತ ಬಿದ್ದರೆ ಬೆಂಕಿ ಮೈಲಿಗೆ. ಅದನ್ನು ಆರಿಸಬೇಕು. ಆಮೇಲೆ ಹೊಸ ಬೆಂಕಿ ಬರಬೇಕಾದದ್ದು ತಾಯೂರಿನ ಒಲೆಯಿಂದ. ಅಲ್ಲಿಯವರೆಗೆ ಯಾವ ಮನೆಯಲ್ಲೂ ಒಲೆ ಹೊತ್ತುವಂತಿಲ್ಲ.

ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ಕಡಿದಾಟದಲ್ಲಿ ಎಷ್ಟು ಜನ ಸತ್ತರು? ಬಲಗೆನ್ನೆಯ ಕೆಳಗೆ ಮಚ್ಚೆ ಇರುವವನೊಬ್ಬ, ಜೋರಾಗಿ ಮಾತಾಡುವವನು, ಅವನು? ಬಾಯಿ ತೆರೆದ. ಬೇರೆಯದೇ ಮಾತು ಬಂತು. ದೋಣಿ ಬಿಟ್ಟು ಹೋಗಬೇಡ ಎಂದಷ್ಟೇ ಹೇಳಿ ಗುಡ್ಡ ಹತ್ತಿದ.

*

ಮೆಲಾಂತದ ಒಲೆಮನೆಯನ್ನು ನೋಡಿಕೊಳ್ಳುವವಳು ಮೆಲಿತಾ. ಎವಾಲ್ಕನಿಗೆ ನಿಶ್ಚಯವಾಗಿದ್ದ ಹುಡುಗಿ. ಅವನು ಹಡಗು ಹತ್ತಿದ ಮೇಲೆ ಎರಡು ಸಂಬಂಧ ಬಂದವು, ಒಲ್ಲೆ ಎಂದಳು. ಮದುವೆಯಾಗದವಳನ್ನು ಮನೆಯಲ್ಲಿಟ್ಟುಕೊಳ್ಳುವುದು ಹೇಗೆ ಎಂದು ಅಪ್ಪ ಅವಳನ್ನು ಊರಿನ ಬೆಂಕಿಯ ಸೇವೆಗೆ ಒಪ್ಪಿಸಿದ.

ಪೆರಿಲಾಸ್ ಅವಳೆದುರು ಕೂತ. ದಂಟನ್ನು ಬಿರುಕಿದ್ದಲ್ಲಿ ಸೀಳಿದ. ಒಳಗಿನ ಬಿಳಿ ತಿರುಳು ಗೇಣುದ್ದ ಸುಟ್ಟು ಕರಿಯಾಗಿತ್ತು. ಕಾಡುಸೋಂಪಿನ ತಿರುಳಿನೊಳಗೆ ಕೆಂಡ ಇಟ್ಟರೆ ಹೊರಗೆ ಕಾಣದಂತೆ ದಿನಗಟ್ಟಲೆ ಒಳಗೇ ಹರಿದುಕೊಂಡು ಹೋಗುತ್ತದೆ. ಬೆಂಕಿ ಸಾಗಿಸುವ ಎಲ್ಲರಿಗೂ ಗೊತ್ತಿರುವ ಸಂಗತಿ.

ಮೆಲಿತಾ ಆ ಕಪ್ಪನ್ನೇ ನೋಡುತ್ತ ಕೂತಳು. ಬೆರಳಿನಿಂದ ಅದನ್ನು ಮುಟ್ಟಿ ಕೇಳಿದಳು. "ನೋವಾಗಿತ್ತಾ ಅವ್ನಿಗೆ?"

"ಇಲ್ಲಮ್ಮ. ಒಂದೇ ಏಟು."

"ನಾನೇ ಕೊಟ್ಟೆ ಬೆಂಕಿ. ಹಿರಿಯರನ್ನ ಕೇಳದೆ ಹೊರಗಿನವ್ರನ್ನ ಒಲೆಮನೆಗೆ ಸೇರಿಸಿದ್ರೆ ನನಗೇನಾಗುತ್ತೆ ಅಂತ ಗೊತ್ತು. ಹಗಲಲ್ಲಿ ಬಾ ಅಂದ್ರೆ ನಮ್ಮ ಜನ ಮೊದ್ಲು ಕಲ್ಲು ಹೊಡೆದು ಆಮೇಲೆ ಯಾಕೆ ಬಂದೆ ಅಂತ ಕೇಳ್ತಾರೆ. ಅದಕ್ಕೇ ಕೊಟ್ಟೆ."

"ಮತ್ತೇನು ಹೇಳಿದ?"

"ಬರ್ತೀಯಾ ಅಂದ. ಈ ಬೆಂಕಿನ ಯಾರ ಕೈಗೆ ಕೊಟ್ಟು ಬರ್ಲಿ ಅಂದೆ. ಅವ್ನು ನಕ್ಕ, ಹೋದ. ಯಾರ ಕೈಗಾದ್ರೂ ಕೊಡಬೌದಿತ್ತು, ಪೆರಿಲಣ್ಣ. ಹೋದ್ಮೇಲೆ ಹೊಳೀತು."

ಸಭೆಯಲ್ಲಿ ನಿನ್ನ ಹೆಸರೆತ್ತದೆ ಹೇಳಲು ಸಾಧ್ಯವಿಲ್ಲ ಎಂದು ಪೆರಿಲಾಸ್ ನಿಧಾನವಾಗಿ ಹೇಳಿದ. ಅವಳು ತಲೆಯಾಡಿಸಿದಳು. ತಾನೇ ಬಂದು ಹೇಳುತ್ತೇನೆ, ತನ್ನನ್ನು ಎಲ್ಲಿಗೆ ಅಟ್ಟಿದರೂ ಸರಿ, ಅವನು ಮಣ್ಣಿಗೆ ಸೇರಲಿ, ನೀರಿಗಲ್ಲ ಎಂದಳು.

*

ಸಭೆ ಒಲೆಮನೆಯ ಮುಂದೆಯೇ ಸೇರಿತು. ಹೆಣವನ್ನು ಹೊದಿಕೆ ಸಮೇತ ಹಲಗೆಯ ಮೇಲೆ ತಂದಿಟ್ಟಿದ್ದರು. ಬಿಸಿಲು ಪಡುವಣಕ್ಕೆ ವಾಲಿತ್ತು.

ಪೆರಿಲಾಸ್ ಚುಟುಕಾಗಿ ಹೇಳಿದ. ಎವಾಲ್ಕ ಆಣೆ ಮುರಿಯಲು ಬಂದವನಲ್ಲ. ಅಲ್ಲಿಯ ಒಲೆ ಆರಿದೆ, ಮಕ್ಕಳು ಹಸಿ ಬಾರ್ಲಿ ತಿನ್ನುತ್ತಿದ್ದಾರೆ, ಬೆಂಕಿ ಒಯ್ಯಲು ಬಂದವನು. ಸೀಳಿದ ದಂಟನ್ನು ಎತ್ತಿ ತೋರಿಸಿದ. ಕೆಂಡ ಒಳಗಿತ್ತು ಎಂದರೆ ಒಲೆಗೆ ಬಂದು ಆಗಿತ್ತು. ಬಂದು ಆಗಿತ್ತು ಎಂದರೆ ಅವನು ಊರಿಗೆ ಬರುತ್ತಿರಲಿಲ್ಲ, ಊರಿಂದ ಹೋಗುತ್ತಿದ್ದ. ಕಲ್ಲು ಹೊಡೆಯಲು ಕಾನೂನು ಬಿಟ್ಟಿರುವುದು ಬರುವವನ ಮೇಲೆ, ಅದೂ ತೀರದಲ್ಲಿ. ಬೆಂಕಿ ಹಿಡಿದು ಹೋಗುವವನ ಮೇಲೆ ಕೈ ಮಾಡಿದವನು ದೇವರ ಮೇಲೆ ಕೈ ಮಾಡಿದಂತೆ. ಇವನಿಗೆ ಈ ನೆಲದಲ್ಲಿ ಸಮಾಧಿ ಸಲ್ಲಬೇಕು.

ಮೆಲಿತಾ ಎದ್ದು ನಿಂತು ತಾನು ಬೆಂಕಿ ಕೊಟ್ಟದ್ದನ್ನು ಹೇಳಿದಳು. ಗುಸುಗುಸು ಎದ್ದಿತು. ಬಹುಪಾಲು ಮನೆಗಳಿಂದ ಯಾರಾದರೊಬ್ಬರು ಆ ಹಡಗು ಹತ್ತಿದ್ದರು. ಹಸಿ ಬಾರ್ಲಿಯ ಸುದ್ದಿ ಕೇಳಿ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಗ ಲಾಂಪೋನ್ ಎದ್ದ. ಬೆಳಗಿನಿಂದ ಅವನು ಅಣ್ಣನ ಹೆಣದ ಹತ್ತಿರವೂ ಸುಳಿದಿರಲಿಲ್ಲ. ತೋಟದಲ್ಲಿ ಕೆಲಸವಿತ್ತು, ಈಗಷ್ಟೇ ಸುದ್ದಿ ಕೇಳಿದೆ ಎಂದಿದ್ದ.

"ಅಣ್ಣ ಅಂತ ನನಗೆ ಸಂಕಟ ಇಲ್ವಾ? ಇದೆ. ಆದ್ರೆ ಕಾನೂನು ಕಾನೂನೇ. ಬೆಂಕಿ ಅನ್ನೋದು ನೆಪ, ಯಜಮಾನ್ರೆ. ಬೆಂಕಿಗೆ ಬಂದವನಿಗೆ ಮಣ್ಣು ಎತ್ತೋ ಕೆಲಸ ಏನಿತ್ತು? ಮಣ್ಣು ಎತ್ತಿದ ಅಂದ್ರೆ ಹಕ್ಕು ಕೇಳಿದ ಹಾಗೆ. ಪಾಲಿಗೆ ಬಂದವನು ಅವನು. ನೀರಿಗೆ ಹಾಕಿ."

ಪೆರಿಲಾಸ್ ಅವನ ಕಡೆ ತಿರುಗಿದ.

"ಯಾವ ಮಣ್ಣು, ಲಾಂಪೋನ್?"

ಲಾಂಪೋನನ ಕಣ್ಣು ಹೊದಿಕೆಯ ಕಡೆ ಹೋಯಿತು.

"ಮಣ್ಣಿನ ಮಾತು ನಾನು ಎತ್ತಲಿಲ್ಲ. ಮೆಲಿತಾ ಎತ್ತಲಿಲ್ಲ. ಹೊದಿಕೆ ಬೆಳಗ್ಗೆಯಿಂದ ಯಾರೂ ತೆಗೆದಿಲ್ಲ. ನಿನಗೆ ಹೇಗೆ ಗೊತ್ತು?"

ಹೊದಿಕೆ ಸರಿಸಿ ಮುಷ್ಟಿ ಬಿಡಿಸಿದ. ಬಿಳಿಮಣ್ಣು ಹಲಗೆಯ ಮೇಲೆ ಉದುರಿತು. ಮೆಲಾಂತದಲ್ಲಿ ಅಂಥ ಮಣ್ಣು ಇರುವುದು ಗುಡ್ಡದ ತುದಿಯ ಒಂದೇ ತೋಟದಲ್ಲಿ. ಅಲ್ಲಿದ್ದವರೆಲ್ಲ ಆ ಮಣ್ಣಿನ ದ್ರಾಕ್ಷಾರಸ ಕುಡಿದವರೇ. ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಉಳಿದದ್ದನ್ನು ಪೆರಿಲಾಸ್ ಬಿಡಿಸಿ ಹೇಳಿದ. ಒಲೆಮನೆಯಿಂದ ದೋಣಿಗೆ ಹೋಗುವ ದಾರಿ ಬಿಟ್ಟು ಎವಾಲ್ಕ ಅಪ್ಪನ ತೋಟಕ್ಕೆ ಹೋಗಿದ್ದಾನೆ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಿದ್ದಾನೆ. ಏಟು ಬಿದ್ದದ್ದು ಬಗ್ಗಿದ್ದಾಗ, ಹಿಂದಿನಿಂದ. ತೋಟದಲ್ಲಿ ಹೆಣ ಸಿಕ್ಕರೆ ಅದು ಕೊಲೆ. ತೀರದಲ್ಲಿ ಸಿಕ್ಕರೆ ಕಾನೂನು. ಆದ್ದರಿಂದ ಹೊತ್ತು ತಂದು, ಬರುತ್ತಿದ್ದವನಂತೆ ತಲೆಯನ್ನು ಊರ ಕಡೆಗಿಟ್ಟು, ಸುತ್ತ ಕಲ್ಲು ಸುರಿದದ್ದು. ದಂಟನ್ನು ಊರುಗೋಲು ಎಂದುಕೊಂಡು ಬಿಟ್ಟದ್ದು. ಮುಷ್ಟಿ ಬಿಡಿಸಲು ಪ್ರಯತ್ನಿಸಿರಬೇಕು. ಸತ್ತ ಅಣ್ಣನ ಬೆರಳು ಹಿಡಿದು ಎಳೆಯಲು ಧೈರ್ಯ ಸಾಲದೆ ಬಿಟ್ಟಿರಬೇಕು.

ಲಾಂಪೋನ್ ಕುಸಿದು ಕೂತ. ತಡೆತಡೆದು ಮಾತಾಡಿದ. ಹನ್ನೊಂದು ವರ್ಷ ಬೆಳಗೆದ್ದರೆ ಮೊದಲು ನೋಡುತ್ತಿದ್ದದ್ದು ಕಡಲನ್ನೇ. ಹಾಯಿ ಕಂಡರೆ ಅಣ್ಣ ಬಂದ, ತೋಟ ಹೋಯಿತು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಇಂದು ಬಂದೇಬಿಟ್ಟಿದ್ದ. ನೆಲದ ಹಕ್ಕು ಸಾರುವವನು ಮಾಡುವಂತೆಯೇ ಮಣ್ಣು ಎತ್ತುತ್ತಿದ್ದ. ಗೋಡೆಯ ಕಲ್ಲು ಕೈಗೆ ಬಂತು.

"ಹಕ್ಕು ಸಾರೋದು ಯಾವ ಕೈಲಿ, ಲಾಂಪೋನ್?" ಪೆರಿಲಾಸ್ ಕೇಳಿದ.

ಲಾಂಪೋನ್ ತಲೆಯೆತ್ತಿದ.

"ಬಲಗೈಲಿ. ಬರಿಗೈಲಿ. ಸಾಕ್ಷಿ ಮುಂದೆ ಎತ್ತಿ ಹಿಡಿದು. ಅವನ ಬಲಗೈಲಿ ಬೆಂಕಿ ಇತ್ತು. ಮಣ್ಣು ಎಡಗೈಲಿ ತಗೊಂಡ. ತೋಟ ಕೇಳೋಕಲ್ಲ. ಜೊತೆಗೆ ಒಯ್ಯೋಕೆ."

ಲಾಂಪೋನ್ ಹಲಗೆಯ ಕಡೆ ನೋಡಿದ. ಆ ಎಡಗೈಯನ್ನು ಆಗ ಮೊದಲ ಸಲ ನೋಡಿದವನಂತೆ ನೋಡಿದ. ಆಮೇಲೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

*

ಒಡಹುಟ್ಟಿದವನನ್ನು ಕೊಂದವನು ಅದೇ ದಿನ ನೆಲ ಬಿಡಬೇಕು, ಜೀವವಿರುವವರೆಗೆ ತಿರುಗಿ ಬರಕೂಡದು. ಬಡಗಣಕ್ಕೆ ಹೊರಟಿದ್ದ ಮೀನಿನ ದೋಣಿಯೊಂದರಲ್ಲಿ ಲಾಂಪೋನನನ್ನು ಹತ್ತಿಸಿದರು. ಯಾರೂ ಕಳಿಸಲು ಹೋಗಲಿಲ್ಲ.

ಎವಾಲ್ಕನನ್ನು ಅಪ್ಪನ ಪಕ್ಕದಲ್ಲಿ ಹೂಳಿದರು. ಸತ್ತವನ ಹೆಸರನ್ನು ಮೂರು ಸಲ ಕೂಗಬೇಕು, ಕೂಗುವವರು ಮನೆಯವರಾಗಿರಬೇಕು. ಮನೆಯವರು ಯಾರೂ ಉಳಿದಿರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಮೆಲಿತಾ ಮುಂದೆ ಬಂದು ಕೂಗಿದಳು. ಹನ್ನೊಂದು ವರ್ಷ ಬಾಯಿಬಿಟ್ಟು ಹೇಳದಿದ್ದ ಹೆಸರು ಗುಡ್ಡಕ್ಕೆ ತಾಗಿ ಹಿಂದಿರುಗಿತು. ನೀನು ಅವನಿಗೆ ಏನಾಗಬೇಕು ಎಂದು ಫಾನಿಯ ಕೇಳಲಿಲ್ಲ. ಒಲೆಮನೆಯ ತಪ್ಪನ್ನೂ ಅವನು ಮತ್ತೆ ಎತ್ತಲಿಲ್ಲ.

ಬೆಂಕಿ ಒಯ್ಯುವುದು ಯಾರು ಎಂಬ ಪ್ರಶ್ನೆ ಉಳಿದಿತ್ತು. ಪರದೇಶಿಯ ಕೈಗೆ ಕೊಡುವಂತಿಲ್ಲ, ತಾಯೂರಿನಲ್ಲಿ ಹುಟ್ಟಿದವನೇ ಒಯ್ಯಬೇಕು. ಪೆರಿಲಾಸನ ಕಿರಿಯ ಮಗ ಅಪ್ಪನ ಕೋಲು, ಹೊದಿಕೆ ತಂದು ಕೈಗಿಟ್ಟ. ಕಾವಲು ನಾನು ನೋಡಿಕೊಳ್ಳುತ್ತೇನೆ ಎಂದ. ತಿರುಗಿ ಬರಬಾರದೆಂಬುದು ಕರಿ ಅವರೆ ಎತ್ತಿದವರ ಪಾಡು, ಅಪ್ಪಂದಿರಿಗೆ ಯಾವ ಆಣೆಯೂ ಇರಲಿಲ್ಲ.

ಮತ್ತಾನ್ ಹಾಯಿ ಎತ್ತಿದ. ಪೆರಿಲಾಸ್ ಹೊಸ ದಂಟನ್ನು ಎದೆಗಾನಿಸಿಕೊಂಡು ಗಾಳಿಗೆ ಬೆನ್ನು ಮಾಡಿ ಕೂತ. ಕರಿಮರಳಿನ ಗೆರೆ ಸಣ್ಣದಾಗುತ್ತ ಹೋಯಿತು.

"ಆ ದಡಕ್ಕೆ ಹೋಗೋರೆಲ್ಲ ಹತ್ತಿದ ಕೂಡಲೇ ಯಾರನ್ನಾದ್ರೂ ಕೇಳ್ತಾರೆ," ಮತ್ತಾನ್ ಚುಕ್ಕಾಣಿಯ ಮೇಲೆ ಕೈಯಿಟ್ಟು ಹೇಳಿದ. "ಅಲ್ಲಿನ ಒಂದೊಂದು ಮನೆಯೂ ನನಗೆ ಗೊತ್ತು. ಸತ್ತವ್ರ ಹೆಸರೂ ಗೊತ್ತು, ಇದ್ದವ್ರ ಹೆಸರೂ ಗೊತ್ತು. ನಿನಗೆ ಯಾರೂ ಇಲ್ವಾ?"

"ಇದಾನೆ," ಪೆರಿಲಾಸ್ ಹೇಳಿದ.

"ಹೆಸರು ಹೇಳು ಮತ್ತೆ."

ಪೆರಿಲಾಸ್ ಹೊದಿಕೆಯನ್ನು ಎದೆಯ ಮೇಲೆ ಬಿಗಿದುಕೊಂಡ. ಅಂಗೈ ಕೆಳಗೆ ದಂಟು ಸಣ್ಣಗೆ ಬೆಚ್ಚಗಿತ್ತು.

"ನಾಲ್ಕು ದಿನದ ದಾರಿ ಇದೆಯಲ್ಲ," ಎಂದ. "ಅಷ್ಟು ದಿನವಾದ್ರೂ ಅವ್ನು ಇರಲಿ ಬಿಡು."