ಮೋನಾಚಾರಿಯ ಬಾಗಿದ ಕೋವಿ

ಬಹಳ ಹಿಂದೆ ಹೊಳೆಸಾಲು ಅಂತ ಒಂದು ರಾಜ್ಯ. ಅಲ್ಲಿ ಮೋನಾಚಾರಿ ಅಂತ ಒಬ್ಬ ಕೋವಿ ಮಾಡುವವನು. ಅವನ ಹೆಂಡತಿ ಕಾಳವ್ವ. ಮನೆಯಲ್ಲಿ ಇಬ್ಬರೇ.

ಜೋಡು ನಳಿಗೆಯ ಕೋವಿ ಮಾಡುವವರು ಬೇಕಾದಷ್ಟು ಜನ ಇದ್ದರು. ಮೋನಾಚಾರಿ ಮಾಡಿದ್ದು ಮಾತ್ರ ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಗಿಡ್ಡ ಕೈಯವರಿಗೆ ಹೆಗಲಿಗಿಡುವ ಮರ ಗಿಡ್ಡ. ಸಂಜೆಗೆ ಕಣ್ಣು ಮಂಜಾಗುವ ಮುದುಕರಿಗೆ ನಳಿಗೆಯ ತುದಿಯಲ್ಲಿ ಬೆಳ್ಳಿ ಮಣಿ. ದಪ್ಪ ಕೆನ್ನೆಯ ಪಾಳೇಗಾರನೊಬ್ಬನಿಗೆ ಮರದಲ್ಲಿ ಕೆನ್ನೆಯಷ್ಟೇ ಹಳ್ಳ ತೋಡಿಕೊಟ್ಟಿದ್ದ. ಹೊದೆಯಲು ಕಂಬಳಿಯೂ ಕೊಟ್ಟುಬಿಡಿ ಅಂತ ಕಾಳವ್ವ ನಕ್ಕಿದ್ದಳು. ಅಳತೆ ತೆಗೆಯದೆ ಅವನು ಮರಕ್ಕೆ ಉಳಿ ಇಟ್ಟವನಲ್ಲ.

ಊರಾಚೆ ಕಾಡಿನಲ್ಲಿ ಒಬ್ಬ ಮಾಂತ್ರಿಕ. ಎಡಗಣ್ಣನ್ನು ಸದಾ ಮುಚ್ಚಿಕೊಂಡಿರುತ್ತಿದ್ದ. ಅದಕ್ಕೇ ಅವನನ್ನು ಒಕ್ಕಣ್ಣರಾಯ ಅನ್ನುತ್ತಿದ್ದರು. ಅವನ ಬಲಗಣ್ಣು ಸಿಟ್ಟಿನಿಂದ ಯಾರ ಮೇಲೆ ಬಿದ್ದರೂ ಅವರು ಜಿಂಕೆಯಾಗುತ್ತಿದ್ದರು. ಆ ಜಿಂಕೆಗಳನ್ನೇ ಅವನು ಬೇಟೆಯಾಡುವುದು. ಆದರೆ ಒಂದೂ ಬಿದ್ದಿರಲಿಲ್ಲ. ಮಂತ್ರ ಹಾಕಿ ಹಾಕಿ ಆ ಕಣ್ಣು ಮಸುಕಾಗಿತ್ತು. ಬೇರೆ ಮಾಂತ್ರಿಕರು ಅವನನ್ನು ನೋಡಿ ನಗುತ್ತಿದ್ದರು.

ಒಂದು ದಿನ ಕಾಳವ್ವ ಅಂಟುವಾಳ ಆರಿಸಲು ಕಾಡಿಗೆ ಹೋದಳು. ತಿರುಗಿ ಬರಲಿಲ್ಲ. ಮಾರನೆಯ ದಿನ ಬೇಲಿಯ ಬಳಿ ಒಂದು ಹೆಣ್ಣು ಜಿಂಕೆ ಬಂದು ನಿಂತಿತು. ಮೋನಾಚಾರಿ ಉಣ್ಣದೆ ಕೆಲಸಕ್ಕೆ ಕೂತರೆ ಅದು ಕಾಲಿನಿಂದ ನೆಲ ಕೆರೆಯುತ್ತಿತ್ತು. ಎದ್ದು ಹೋಗಿ ಉಂಡು ಬಂದರೆ ಸುಮ್ಮನಾಗುತ್ತಿತ್ತು. ಅವನಿಗೆ ಗೊತ್ತಾಯಿತು. ಬೇಲಿ ದಾಟಿ ಹೋಗಿ ಅದರ ಕತ್ತು ಹಿಡಿದುಕೊಂಡು ಬಹಳ ಹೊತ್ತು ನಿಂತ.

ಇದನ್ನು ಒಕ್ಕಣ್ಣರಾಯ ಕಂಡ.

"ಆಚಾರಿ, ಈ ಜಿಂಕೆಗೆ ನಿನ್ನ ಮೇಲೆ ಬಲು ಅಕ್ಕರೆ," ಅಂದ. "ನನಗೆ ಇದೇ ಬೇಕು. ಗುರಿ ತಪ್ಪದ ಕೋವಿ ಮಾಡಿಕೊಡು."

ಮಾಡದಿದ್ದರೆ ಊರಿಗೆ ಊರನ್ನೇ ಜಿಂಕೆ ಮಾಡುತ್ತೇನೆ ಅಂದ. ಮೂರು ಸಲ ನೋಡುತ್ತೇನೆ, ಆಮೇಲಿಲ್ಲ ಅಂದ.

ಮೋನಾಚಾರಿ ಹುಟ್ಟಿದಾಗಿನಿಂದ ತಪ್ಪು ಕೆಲಸ ಮಾಡಿದವನಲ್ಲ. ಈಗ ಮಾಡಿದ. ಕೆನ್ನೆ ತಾಗುವ ಕಡೆ ಮರವನ್ನು ಎತ್ತರ ಬಿಟ್ಟ. ಅರಮನೆಯವರೆಲ್ಲ ಹೀಗೇ ಮಾಡಿಸುವುದು ಬುದ್ಧಿ, ಕೆನ್ನೆಗೆ ಹಿತ ಅಂತ ಹೇಳಿದ. ಮಾಂತ್ರಿಕ ಹೊಗೆಯಿಂದ ಮಾಡಿದ ನಾಯಿಗಳು ಜಿಂಕೆಗಳ ಮಂದೆಯನ್ನು ಬಯಲಿಗೆ ಅಟ್ಟಿಕೊಂಡು ಬಂದವು. ಒಕ್ಕಣ್ಣರಾಯ ಕೋವಿ ಎತ್ತಿದ. ಕೆನ್ನೆ ಮೇಲಾಯಿತು, ಕಣ್ಣು ಮೇಲಾಯಿತು, ಗುಂಡು ಜಿಂಕೆಯ ತಲೆಯ ಮೇಲೆ ಹಾರಿಹೋಯಿತು. ಅವನು ತಿರುಗಿ ಸಿಟ್ಟಿನಿಂದ ಆಚಾರಿಯ ಕಾಲನ್ನಷ್ಟೇ ನೋಡಿದ. ಮೋನಾಚಾರಿಯ ಎಡಗಾಲು ಗೊರಸಾಯಿತು.

ಎರಡನೆಯ ಕೋವಿಗೆ ಮರವನ್ನು ನಾಲ್ಕು ಬೆರಳು ಉದ್ದ ಬಿಟ್ಟ. ಉದ್ದ ಇದ್ದರೆ ಗತ್ತು, ಬುದ್ಧಿ, ಅಂತ ಹೇಳಿದ. ಎತ್ತುವಾಗ ಅದು ಮಾಂತ್ರಿಕನ ನಿಲುವಂಗಿಗೆ ಕಂಕುಳಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಜಿಂಕೆ ಬಿದಿರಿನ ಮರೆಗೆ ಹೋಗಿತ್ತು. ಬಲಗಾಲೂ ಗೊರಸಾಯಿತು.

ಮೂರನೆಯ ಸಲ ಒಕ್ಕಣ್ಣರಾಯನೇ ಆಚಾರಿಯ ಕೆಲಸದ ಕೊಟ್ಟಿಗೆಗೆ ಬಂದು ಕೂತ.

"ಊರವರಿಗೆಲ್ಲ ಅಳತೆ ತೆಗೆಯುತ್ತೀಯಂತೆ. ನನಗೇಕೆ ತೆಗೆಯಲಿಲ್ಲ?"

ಮೋನಾಚಾರಿ ದಾರ ಎತ್ತಿಕೊಂಡ. ಅಳತೆ ತೆಗೆದ. ಮೊಣಕೈಯಿಂದ ಬೆರಳಿಗೆ. ಕೆನ್ನೆಯಿಂದ ಹೆಗಲಿಗೆ. ಕೊನೆಗೆ ಯಾವ ಕಣ್ಣು ಗಟ್ಟಿ ಅಂತ ನೋಡಬೇಕು. ಹಿತ್ತಾಳೆಯ ಉಂಗುರವೊಂದನ್ನು ಕೊಟ್ಟು, ಕೈ ನೀಡಿ ಹಿಡಿದು, ಎರಡೂ ಕಣ್ಣು ಬಿಟ್ಟು, ಅದರೊಳಗಿಂದ ನನ್ನ ಮೂಗು ನೋಡಿ ಅಂದ. ಉಂಗುರದೊಳಗೆ ಯಾವ ಕಣ್ಣು ಕಂಡರೆ ಅದೇ ಗುರಿಗೆ ಗಟ್ಟಿ. ಎಲ್ಲರಿಗೂ ಹೇಳುವ ಮಾತೇ ಅದು. ಹೇಳಿ ಹೇಳಿ ಬಾಯಿಗೆ ರೂಢಿಯಾಗಿತ್ತು.

ಒಕ್ಕಣ್ಣರಾಯ ತಡವರಿಸಿ ಎಡಗಣ್ಣು ಬಿಟ್ಟ. ಉಂಗುರದೊಳಗೆ ಆ ಕಣ್ಣೇ ಕಂಡಿತು. ತಿಳಿಯಾದ, ಮಾಮೂಲಿ ಕಣ್ಣು.

ಮೋನಾಚಾರಿಯ ಕಾಲಿಗೆ ನೆಲ ತಣ್ಣಗೆ ತಾಗಿತು. ಹತ್ತು ಬೆರಳಿಗೂ ತಾಗಿತು. ಮಾಂತ್ರಿಕ ಎಡಗಣ್ಣು ಮುಚ್ಚಿದ. ಮತ್ತೆ ಗೊರಸು.

ಮೋನಾಚಾರಿ ಉಂಗುರ ವಾಪಸು ತೆಗೆದುಕೊಂಡ. ಆಮೇಲೆ ನಿಧಾನವಾಗಿ ಹೇಳಿದ. "ನಿಮ್ಮ ಎಡಗಣ್ಣು ಗಟ್ಟಿ, ಬುದ್ಧಿ. ಬಲ ಹೆಗಲಿಗಿಟ್ಟು ಎಡಗಣ್ಣಲ್ಲಿ ನೋಡುವ ಹಾಗೆ ಮರ ಬಾಗಿಸುತ್ತೇನೆ. ಬಲಗಣ್ಣು ಮುಚ್ಚಬೇಕು."

"ಈ ಕಣ್ಣು ಬಿಡಬೇಡ ಅಂತ ಗುರು ಹೇಳಿದ್ದ."

"ಯಾಕಂತೆ?"

"ಅದು ಹೇಳಲಿಲ್ಲ."

"ಹಾಗಾದರೆ ಬೇಡ ಬಿಡಿ. ಗುರಿ ಮಾತ್ರ ನನ್ನಿಂದ ಆಗಲ್ಲ."

ಒಕ್ಕಣ್ಣರಾಯ ತನ್ನನ್ನು ನೋಡಿ ನಕ್ಕವರನ್ನೆಲ್ಲ ನೆನೆದುಕೊಂಡ. ಮಾಡು ಅಂದ.

ಮೋನಾಚಾರಿ ಮಾಡಿದ. ಬೀಟೆ ಮರಕ್ಕೆ ಎಣ್ಣೆ ಸವರಿ, ಬೆಂಕಿಗೆ ಹಿಡಿದು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಾಗಿಸಿದ. ಬೆರಳಲ್ಲಿ ಎಳೆಯುವ ಕುದುರೆಯನ್ನು ಬಹಳ ಬಿಗಿ ಮಾಡಿದ. ತಟ್ಟನೆ ಎಳೆಯಲಾಗದು, ಅಷ್ಟು ಹೊತ್ತೂ ನೋಡುತ್ತಲೇ ಇರಬೇಕು. ಎಡಗಣ್ಣು ಒಂದು ಗಳಿಗೆ ನೋಡಿದ್ದಕ್ಕೆ ಒಂದು ಗಳಿಗೆ ಕಾಲು ಬಂದಿತ್ತು. ಹೆಚ್ಚು ನೋಡಿದರೆ ಏನಾಗುತ್ತದೆ, ಅವನಿಗೆ ಗೊತ್ತಿರಲಿಲ್ಲ. ಕೋವಿಯಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ. ಗುಂಡು ಹಾರಿದರೆ ಕಾಳವ್ವ ಉಳಿಯುವುದಿಲ್ಲ. ಇದು ಗೊತ್ತಿತ್ತು.

ಬೆಳಿಗ್ಗೆ ಹೊಗೆಯ ನಾಯಿಗಳು ಮಂದೆಯನ್ನು ತಂದವು. ಆ ಜಿಂಕೆ ಓಡಲಿಲ್ಲ. ಮೋನಾಚಾರಿಯನ್ನು ನೋಡುತ್ತಾ ನಿಂತಿತು. ಒಕ್ಕಣ್ಣರಾಯ ಕೋವಿ ಎತ್ತಿದ. ಹೆಗಲಿಗೆ ಹೆಗಲು, ಕೆನ್ನೆಗೆ ಕೆನ್ನೆ, ಅಳೆದಿಟ್ಟ ಹಾಗೆ ಕೂತಿತು. ಬಲಗಣ್ಣು ಮುಚ್ಚಿ ಎಡಗಣ್ಣು ಬಿಟ್ಟ. ಕುದುರೆ ಎಳೆಯತೊಡಗಿದ.

ನಳಿಗೆಯ ತುದಿಯಾಚೆ, ಜಿಂಕೆ ನಿಂತಿದ್ದಲ್ಲಿ, ಒಬ್ಬ ಹೆಂಗಸು ನಿಂತಿದ್ದಳು. ತಲೆಗೂದಲಿಗೆಲ್ಲ ಮುಳ್ಳುಕಾಯಿ ಅಂಟಿತ್ತು. ಹೆದರಿದ್ದಳು. ಆದರೂ ಮೋನಾಚಾರಿಯ ಮುಖವನ್ನೇ ನೋಡುತ್ತಿದ್ದಳು.

ಒಕ್ಕಣ್ಣರಾಯನ ಬೆರಳು ಅರ್ಧಕ್ಕೆ ನಿಂತಿತು.

"ಆಚಾರಿ," ಅಂದ, ಮೆಲ್ಲಗೆ. "ನನ್ನನ್ನು ಒಬ್ಬರು ಹೀಗೆ ನೋಡಿ ಎಷ್ಟು ವರ್ಷ ಆಯಿತು."

ಮೋನಾಚಾರಿ ಕೈ ಹಾಕಿ ನಳಿಗೆಯನ್ನು ನೆಲಕ್ಕೆ ತಗ್ಗಿಸಿದ. ಮಾಂತ್ರಿಕ ಬಿಟ್ಟುಕೊಟ್ಟ. ಎಡಗಣ್ಣು ಬಯಲಿನ ತುಂಬ ತಿರುಗಿತು. ತಿರುಗಿದ ಕಡೆಯೆಲ್ಲ ಜಿಂಕೆಗಳು ಮನುಷ್ಯರಾದವು. ಗಂಡಸರು, ಹೆಂಗಸರು, ಕಳೆದುಹೋದ ಇಬ್ಬರು ಅಂಚೆಯವರು. ಹೊಗೆಯ ನಾಯಿಗಳು ಗಾಳಿಗೆ ಹೋದವು. ಬಲಗಣ್ಣು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಮಾಂತ್ರಿಕ ನೆಲಕ್ಕೆ ಕೂತ. ಈಗ ಅವನು ಬರೀ ಒಬ್ಬ ಬಡಕಲು ಮುದುಕ. ಯಾರೋ ಅವನಿಗೆ ನೀರು ಕೊಟ್ಟರು.

ಕಾಳವ್ವ ನಡೆದು ಬಂದಳು. ಗಂಡನ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಏನ್ರೀ ಇದು, ಬರಿಗಾಲಲ್ಲಿ ಬಂದಿದ್ದೀರಾ? ಇಲ್ಲೆಲ್ಲ ಮುಳ್ಳು."

ಅವನು ಕೆಳಗೆ ನೋಡಿದ. ಹತ್ತು ಬೆರಳೂ ಇದ್ದವು.

"ನಿನ್ನೆತನಕ ಚಪ್ಪಲಿ ಬೇಕಿರಲಿಲ್ಲ ಕಣೇ," ಅಂದ.

ಅವಳು ಅವನ ತೋಳು ಹಿಡಿದುಕೊಂಡಳು. ಮುಳ್ಳು ಕಂಡಲ್ಲೆಲ್ಲ ನಿಲ್ಲಿಸಿ, ಸುತ್ತಿ ಬಳಸಿ ಮನೆಗೆ ಕರೆದುಕೊಂಡು ಹೋದಳು. ಬಹಳ ನಿಧಾನ ಆಯಿತು. ಆಗಲಿ. ಆಮೇಲೆ ಬಹಳ ವರ್ಷ ಇದ್ದರು, ಇಬ್ಬರೂ ಇದ್ದರು. ಕತೆ ಇಷ್ಟೇ.