ಹಣ್ಣಾಗದ ತತ್ತಿ

ಚೂರಿ ನನ್ನ ಕುತ್ತಿಗೆಗೆ ತಾಗಿತ್ತು. ಕುರಿ ಕಡಿಯುವ ಚೂರಿ... ಬೆಟಗೇರಿಯ ಕಟುಕ ಮುರ್ತುಜಾನದು.

"ಥರ್ಮಾಸ್ ಕೆಳಗಿಡ್ರಿ ಯಮನೂರಭಾಯ್."

ಇಡಲಿಲ್ಲ.

ಪೊಲೀಸ್ ನೌಕರಿ ಬಿಟ್ಟ ಮೇಲೆ ಇಂಥ ತಲೆನೋವಿನ ಕೇಸುಗಳೇ ನನ್ನ ಪಾಲಿಗೆ ಬಂದಿವೆ. ಕೇಳಿ. ಗದಗಿನಲ್ಲಿ ನಮ್ಮ ಡಾಕ್ಟರಮ್ಮನ ಲ್ಯಾಬ್; ಅವರನ್ನು ಎಲ್ಲರೂ ಬಾಯಾರು ಅಂತಾರೆ. ಎಳೆಯ ಹೆಣ್ಣು ಕುರಿಮರಿಯ ಅಂಡಾಶಯದಿಂದ ಹಸಿ ತತ್ತಿ ತೆಗೆದು, ಗಾಜಿನ ತಟ್ಟೆಯಲ್ಲಿ ಹಣ್ಣು ಮಾಡಬೇಕು. ಆಮೇಲೆ ಟಗರಿನ ವೀರ್ಯ ಕೂಡಿಸಿ ಬೇರೆ ಕುರಿಯ ಹೊಟ್ಟೆಗೆ ಹಾಕಬೇಕು. ಮರಿ ಬೆಳೆಯುವ ತನಕ ಕಾಯುವ ಕೆಲಸವೇ ಇಲ್ಲ!

ಲ್ಯಾಬಿನಲ್ಲಿ ಸಾಕಿದ ಮರಿಗಳ ತತ್ತಿ ಎರಡು ವರ್ಷ ಒಂದೂ ಹಣ್ಣಾಗಲಿಲ್ಲ. ಎಂಬತ್ತೇಳರ ಬೇಸಿಗೆಯಲ್ಲಿ ಮುರ್ತುಜಾ ಥರ್ಮಾಸಿನಲ್ಲಿ ಮಾಲು, ಅಂದರೆ ಕಡಿದ ಮರಿಗಳ ಅಂಡಾಶಯ, ಕಳಿಸಲು ಶುರುಮಾಡಿದ... ತಟ್ಟೆ ತಟ್ಟೆ ಹಣ್ಣಾದವು. ಬಾಯಾರು ಧಾರವಾಡದ ದೊಡ್ಡ ವಿಜ್ಞಾನ ಸಭೆಗೆ ಹೆಸರು ಕೊಟ್ಟರು. ಹೋದ ವಾರ ಮತ್ತೆ ಎಲ್ಲಾ ಕೈಕೊಟ್ಟವು.

"ಯಾರೋ ಮಾಲು ಬದಲಿ ಮಾಡ್ಯಾರ," ಬಾಯಾರು ಹಲ್ಲು ಕಡಿದರು. "ಸೋಮವಾರ ಅಷ್ಟು ಮಂದಿ ಮುಂದ ನಾ ಏನ್ ತೋರಸ್ಲಿ? ಅವನ್ನ ಹಿಡಕೊಂಡ ಬರ್ರಿ."

ಥರ್ಮಾಸ್ ಒಯ್ಯುವ ಟಾಂಗಾದವನ ಕಾಲರ್ ಹಿಡಿದೆ. ಹೆದರಿ ಓಡಿದ ಲ್ಯಾಬಿನ ಜವಾನನನ್ನು ಮುಂಡರಗಿ ಬಸ್ಸಿನಿಂದ ಎಳೆದು ಇಳಿಸಿದೆ. ಇಬ್ಬರದೂ ಏನೂ ತಪ್ಪಿಲ್ಲ.

ಉಳಿದವನು ಮುರ್ತುಜಾ. ಅವನ ಕೈಯಿಂದ ಥರ್ಮಾಸ್ ಕಸಿದುಕೊಂಡೆ. ಚೂರಿ ಎದ್ದದ್ದು ಆಗ.

ಮೊಣಕೈಯಿಂದ ಪಕ್ಕೆಗೆ ಒಂದು ಕೊಟ್ಟೆ. ಚೂರಿ ಬಿತ್ತು. ಅದರ ಮೇಲೆ ಕಾಲಿಟ್ಟೆ.

"ಬೊಗಳಲೇ. ಹ್ವಾದ ವಾರ ಯಾವ ಕುರಿದ ಕೊಟ್ಟಿ?"

"ಹ್ವಾದ ವಾರದ್ದು ಖರೆ ಮರೀದ ಐತ್ರಿ. ಕುರುಬರ ಬೀರಲಿಂಗಪ್ಪನ ಹೆಣ್ಣ ಮರಿ ಕಾಲ ಮುರಕೊಂಡಿತ್ತು. ಕಡಿಯಾಕ ತಂದಿದ್ದ."

"ಮತ್ತ ಅದಕ್ಕಿಂತ ಮೊದ್ಲ ಕೊಟ್ಟಿದ್ದು?"

ಪಕ್ಕೆ ಹಿಡಿದುಕೊಂಡು ಕೂತ.

"ಕುರುಬ್ರು ಗಂಡ ಮರಿ ಅಷ್ಟ ಮಾರ್ತಾರ್ರಿ. ಹೆಣ್ಣ ಮರಿ ಹಿಂಡಿಗೆ ಬೇಕಲ್ರಿ, ಕಡಿಯಾಕ ಎಲ್ಲಿ ಕೊಡ್ತಾರ? ಬಾಯಾರು ದಿನಾ ಕೇಳಾಕತ್ರು... ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ದೊಡ್ಡ ಕುರಿಗೋಳ್ದ ಮಾಲಿನ್ಯಾಗ ಸಣ್ಣು ಸಣ್ಣು ಆರಿಸಿ ಮರೀದು ಅಂತ ಕೊಟ್ಟೆ. ಈ ಥರ್ಮಾಸಿನ್ಯಾಗಿಂದೂ ಅದ ಐತ್ರಿ, ಅದಕ್ಕ ಚೂರಿ ತಗದೆ."

ಥರ್ಮಾಸ್ ಹಿಡಿದು ಲೆಕ್ಕ ಹಾಕಿದೆ. ಹಣ್ಣಾದವೆಲ್ಲ ದೊಡ್ಡ ಕುರಿಯವು. ಅವನಿಂದ ಖರೆ ಮರಿಯದು ಬಂದದ್ದು ಒಂದೇ ಸಲ, ಅದು ಹಣ್ಣಾಗಲೇ ಇಲ್ಲ. ಎರಡು ವರ್ಷದ ಕೆಲಸ ಮೊದಲು ಎಲ್ಲಿತ್ತೋ ಅಲ್ಲೇ ಇದೆ.

ಲ್ಯಾಬಿಗೆ ಹೋದೆ. ಬಾಯಾರು ಧಾರವಾಡಕ್ಕೆ ಒಯ್ಯುವ ಫೋಟೋಗಳನ್ನು ಜೋಡಿಸುತ್ತಿದ್ದರು. ಥರ್ಮಾಸ್ ಮೇಜಿನ ಮೇಲಿಟ್ಟೆ.

"ಸಿಕ್ಕನೇನ್ರಿ, ಹ್ವಾದ ವಾರ ಮೋಸ ಮಾಡಿದಾಂವ?"

"ಹ್ವಾದ ವಾರ ಯಾರೂ ಮೋಸ ಮಾಡಿಲ್ರಿ," ಅಂದೆ. "ಅದೊಂದ ವಾರ ಮಾಡಿಲ್ಲ."